ಹಾಲ್‌ನಲ್ಲಿ ಕ್ಯಾಮೆರಾ, ಓನರ್ ಶಾರ್ಜಾದಲ್ಲಿ – ಎಂತ ಮಾಡುವುದು?

ವಿದ್ಯಾನಗರದ ಬಾಡಿಗೆಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಓದಿ ಹೇಳಿ.

ಕಾಸರಗೋಡು ವಿದ್ಯಾನಗರದಲ್ಲಿ ಒಂದು ಮನೆಯ ಮಹಡಿಯಲ್ಲಿ ನಾವು ನಾಲ್ವರು ಹುಡುಗಿಯರು ಬಾಡಿಗೆಗೆ ಇದ್ದೇವೆ. ಒಬ್ಬೊಬ್ಬರಿಗೆ ಒಂದೊಂದು ರೂಮು, ಹಾಲ್ ಮತ್ತು ಅಡುಗೆಮನೆ ಎಲ್ಲರಿಗೂ ಸೇರಿ. ಕೆಳಗೆ ಎರಡು ಸಂಸಾರ. ಓನರ್ ಶಾರ್ಜಾದಲ್ಲಿರುವವರು, ಊರಿಗೆ ಬರುವುದು ವರ್ಷಕ್ಕೊಮ್ಮೆ. ಬೇಸಿಗೆಯಲ್ಲಿ ಕೆಳಗಿನವರ ಗ್ಯಾಸ್ ಸಿಲಿಂಡರ್ ಕಳವಾಯ್ತು. ಆಮೇಲೆ ಓನರ್ ಜನ ಕಳಿಸಿ ನಾಲ್ಕು ಕ್ಯಾಮೆರಾ ಹಾಕಿಸಿದರು. ಗೇಟಿಗೊಂದು, ಸ್ಕೂಟರ್ ಇಡುವಲ್ಲಿಗೊಂದು, ಮೆಟ್ಟಿಲಿಗೊಂದು. ಅಷ್ಟರವರೆಗೆ ನಮಗೂ ಖುಷಿಯೇ. ನಾಲ್ಕನೆಯದ್ದನ್ನು ನಮ್ಮ ಹಾಲ್‌ನ ಮೂಲೆಯಲ್ಲಿ, ಫ್ರಿಜ್ಜಿನ ಮೇಲೆ ಕೂರಿಸಿದರು. ನಾವು ಆಗ ಕೆಲಸಕ್ಕೆ ಹೋಗಿದ್ದೆವು, ಬಂದು ನೋಡುವಾಗ ಅದು ಅಲ್ಲಿತ್ತು.

ಮಳೆ ಹಿಡಿದ ಮೇಲೆ ಕಷ್ಟ ಸುರುವಾಯ್ತು. ಇಲ್ಲಿಯ ಮಳೆಗೆ ಹೊರಗೆ ಬಟ್ಟೆ ಹಾಕುವ ಹಾಗಿಲ್ಲ, ಹಾಲ್‌ನಲ್ಲಿ ಹಗ್ಗ ಕಟ್ಟಿ ಫ್ಯಾನ್ ತಿರುಗಿಸುವುದೇ ಗತಿ. ನಾಲ್ವರ ಬಟ್ಟೆ, ಒಳಬಟ್ಟೆ ಸಮೇತ, ಕ್ಯಾಮೆರಾದ ಮುಖಕ್ಕೇ ನೇತಾಡ್ತದೆ. ರಾತ್ರಿ ನೀರು ಕುಡಿಯಲಿಕ್ಕೆ ಎದ್ದರೂ ನೈಟಿಯ ಮೇಲೆ ಶಾಲು ಹುಡುಕಬೇಕು.

ಕಳೆದ ವಾರ ನನ್ನ ತಮ್ಮ ಬದಿಯಡ್ಕದಿಂದ ಅಕ್ಕಿ, ತೆಂಗಿನಕಾಯಿ ತಂದುಕೊಟ್ಟು ಹೋದ. ಮರುದಿನ ಬೆಳಿಗ್ಗೆ ಓನರ್‌ದು ವಾಯ್ಸ್ ಮೆಸೇಜ್: "ಮೋಳೇ (ಮಗಳೇ), ನಿನ್ನೆ ರಾತ್ರಿ ಬಂದ ಹುಡುಗ ಯಾರು?" ತಮ್ಮ ಅಂತ ಹೇಳಿದೆ. "ಹಾಗೆಯೇ ಅಂದಾಜು ಮಾಡಿದೆ, ಅಮ್ಮನ ಕಾಲು ನೋವು ಹೇಗುಂಟು ಅಂತ ನೀನು ಕೇಳುತ್ತಿದ್ದೆಯಲ್ಲ" ಅಂದರು. ಪ್ರೀತಿಯಲ್ಲಿಯೇ ಹೇಳಿದ್ದು, ಜೋರು ಮಾಡಿದ್ದಲ್ಲ. ಆದರೆ ನನಗೆ ಕೈಕಾಲು ತಣ್ಣಗಾಯ್ತು. ಆ ಕ್ಯಾಮೆರಾಕ್ಕೆ ಮಾತೂ ಕೇಳಿಸ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಹೀಗೆ ಹಾಕಲಿಕ್ಕೆ ಅವರಿಗೆ ಹಕ್ಕುಂಟಾ? ನಾವು ಅದಕ್ಕೆ ಬಟ್ಟೆ ಮುಚ್ಚಿದರೆ ತಪ್ಪಾ? ಜಗಳ ಮಾಡುವ ಧೈರ್ಯ ಇಲ್ಲ, ಅಡ್ವಾನ್ಸ್ ಅವರ ಕೈಯಲ್ಲಿ ಉಂಟು. ಮದುವೆಯಾಗದ ಹುಡುಗಿಯರಿಗೆ ಇಲ್ಲಿ ಇನ್ನೊಂದು ಮನೆ ಸಿಗುವ ಕಷ್ಟ ನಿಮಗೆ ಗೊತ್ತೇ ಉಂಟು.

ಮುಳ್ಳೇರಿಯ ಮಾವ

ಒಂದು ತೆಂಗಿನ ಗೆರಟೆ ಕವುಚಿ ಹಾಕಿ ಮಗಳೇ. ಡೋಮ್ ಕ್ಯಾಮೆರಾಕ್ಕೆ ಅಳತೆ ಸರಿಯಾಗಿ ಕೂರ್ತದೆ.

ಕ್ಯಾಮೆರಾ ಮೇಸ್ತ್ರಿ

ಮಾವ, ಗೆರಟೆ ಆಮೇಲೆ ನೋಡುವ. ನಾನು ಕುಂಬಳೆ, ಕಾಸರಗೋಡು ಕಡೆ ಇದೇ ಕೆಲಸ ಮಾಡುವವ, ಹಾಗಾಗಿ ಒಳಗಿನ ವಿಷಯ ಹೇಳ್ತೇನೆ.

ಅಕ್ಕ, ನಿಮ್ಮ ಓನರ್ ಇಡೀ ದಿನ ಕೂತು ನೋಡ್ತಾ ಇದ್ದಾರೆ ಅಂತ ಹೆದರಬೇಡಿ, ಹಾಗೆ ಆಗಿರಲಿಕ್ಕಿಲ್ಲ. ಫಿಟ್ ಮಾಡಿದವ ಆ್ಯಪ್‌ನಲ್ಲಿ ಮೋಷನ್ ಅಲರ್ಟ್ ಆನ್ ಮಾಡಿ ಬಿಟ್ಟಿದ್ದಾನೆ. ನಿಮ್ಮಲ್ಲಿ ಯಾರಾದರೂ ಫ್ರಿಜ್ಜಿನ ಬಾಗಿಲು ತೆಗೆದರೆ ಅಲ್ಲಿ ಅವರ ಮೊಬೈಲ್ ಟಿಂಗ್ ಅಂತದೆ. ಟಿಂಗ್ ಅಂದಾಗ ಯಾರೂ ನೋಡುವವರೇ. ಗೇಟಿನ ಕ್ಯಾಮೆರಾಕ್ಕೆ ಅಲರ್ಟ್ ಇದ್ದರೆ ಪ್ರಯೋಜನ ಉಂಟು, ಜನ ಓಡಾಡುವ ಹಾಲಿಗೆ ಇಟ್ಟರೆ ಅದು ಗೂಢಚಾರಿಕೆ ಅಲ್ಲದೆ ಬೇರೆ ಎಂತ?

ಧ್ವನಿ ವಿಷಯ. ಈಗ ಬರುವ ಸುಮಾರು ಕ್ಯಾಮೆರಾಗಳಲ್ಲಿ ಮೈಕ್ ಒಳಗೇ ಇರ್ತದೆ. ಡಿವಿಆರ್‌ನಲ್ಲಿ (ದೃಶ್ಯ ರೆಕಾರ್ಡ್ ಆಗುವ ಪೆಟ್ಟಿಗೆಯಲ್ಲಿ) ಒಂದೊಂದು ಚಾನೆಲಿಗೆ, ಅಂದರೆ ಒಂದೊಂದು ಕ್ಯಾಮೆರಾಕ್ಕೆ, ಆಡಿಯೊ ಬೇರೆ ಬೇರೆ ಆಫ್ ಮಾಡಲಿಕ್ಕೆ ಆಗ್ತದೆ. ನಾನು ಮನೆಗೆ ಹಾಕುವಾಗ ಗಿರಾಕಿ ಕೇಳದಿದ್ದರೆ ಆಡಿಯೊ ಆಫ್ ಮಾಡಿಯೇ ಕೊಡುವುದು. ಕಳ್ಳ ಮಾತಾಡಿಕೊಂಡು ಕದಿಯುವುದಿಲ್ಲ.

ಇನ್ನೊಂದು ಸೌಕರ್ಯ ಉಂಟು, ಪ್ರೈವೆಸಿ ಮಾಸ್ಕ್. ಟಿವಿಗೆ ಡಿವಿಆರ್ ಸಿಕ್ಕಿಸಿ ಮೆನುವಿಗೆ ಹೋಗಿ ಮೌಸ್‌ನಲ್ಲಿ ಒಂದು ಚೌಕ ಎಳೆಯುವುದು. ಆ ಚೌಕದೊಳಗೆ ಬರೀ ಕಪ್ಪು ಕಾಣ್ತದೆ, ರೆಕಾರ್ಡಿಂಗ್‌ನಲ್ಲಿಯೂ ಕಪ್ಪೇ. ಮೆಟ್ಟಿಲಿನ ಕ್ಯಾಮೆರಾಕ್ಕೆ ಪಕ್ಕದ ಮನೆಯ ಕಿಟಕಿ ಸಿಕ್ಕಿದರೆ ಆ ಕಿಟಕಿಯ ಮೇಲೆ ಎಳೆದರಾಯ್ತು. ಖರ್ಚು ಒಂದು ರೂಪಾಯಿ ಇಲ್ಲ, ಗೊತ್ತಿರುವವರು ಕಡಿಮೆ, ಗೊತ್ತಿದ್ದೂ ಮಾಡದವರು ಜಾಸ್ತಿ.

ಶಾರ್ಜಾ ಕುಂಬಳೆ

ನಾನೂ ಓನರೇ, ನಾನೂ ಶಾರ್ಜಾದಲ್ಲೇ. ಇವರ ಓನರ್ ನಾನಲ್ಲ, ಮೊದಲೇ ಹೇಳಿಬಿಡ್ತೇನೆ!

ಕುಂಬಳೆಯಲ್ಲಿ ಬಾಡಿಗೆಗೆ ಕೊಡುವ ನನ್ನದೊಂದು ಸಣ್ಣ ಕ್ವಾರ್ಟರ್ಸ್ ಉಂಟು. ಬಾವಿಯ ಮೋಟರ್ ಕದ್ದುಕೊಂಡು ಹೋದರು, ಅಂಗಳದಲ್ಲಿ ಒಣಗಲಿಕ್ಕೆ ಹಾಕಿದ ಅಡಿಕೆ ಗೋಣಿ ಸಮೇತ ಹೋಯ್ತು. ಪೊಲೀಸರು ಮೊದಲು ಕೇಳಿದ್ದೇ "ಸಿಸಿಟಿವಿ ಉಂಟಾ?" ಅಂತ. ದೂರದಲ್ಲಿ ಇರುವವನಿಗೆ ಕ್ಯಾಮೆರಾ ಬಿಟ್ಟರೆ ಬೇರೆ ಕಣ್ಣು ಎಲ್ಲಿ? ಬಾಡಿಗೆಗೆ ಕೊಟ್ಟವರಲ್ಲಿಯೂ ಎಲ್ಲರೂ ಒಳ್ಳೆಯವರು ಅಂತ ಇಲ್ಲ. ಇಬ್ಬರು ಅಂತ ಹೇಳಿ ಎಂಟು ಜನ ಇರ್ತಾರೆ, ಸೆಪ್ಟಿಕ್ ಟ್ಯಾಂಕ್ ತುಂಬಿದಾಗ ನನಗೆ ಫೋನ್.

ಆದರೂ ನಾನು ಒಳಗೆ ಹಾಕಿಲ್ಲ. ಗೇಟು, ಅಂಗಳ, ಬಾವಿ, ಅಷ್ಟೆ. ಸತ್ಯ ಹೇಳಬೇಕೆಂದರೆ ರಾತ್ರಿ ಡ್ಯೂಟಿ ಮುಗಿಸಿ ಆ್ಯಪ್ ತೆರೆಯುವುದು ಕಳ್ಳನನ್ನು ಹುಡುಕಲಿಕ್ಕಲ್ಲ. ಇಲ್ಲಿ ಹತ್ತು ಗಂಟೆ ಆಗುವಾಗ ಊರಲ್ಲಿ ಹನ್ನೊಂದೂವರೆ. ಅಂಗಳದಲ್ಲಿ ಮಳೆ ಬೀಳುವುದನ್ನು ನೋಡ್ಲಿಕ್ಕೆ. ನಿಮ್ಮ ಓನರಿಗೂ ಅರ್ಧ ಅದೇ ರೋಗ ಇರಬಹುದು. ಹಾಗಂತ ಹಾಲ್‌ನ ಕ್ಯಾಮೆರಾ ಸರಿ ಅಂತ ಹೇಳುವುದಿಲ್ಲ, ಅಲ್ಲಿ ನೋಡಲಿಕ್ಕೆ ಮಳೆ ಇಲ್ಲ.

ಕಪ್ಪು ಕೋಟು

ವಕೀಲಿ ವೃತ್ತಿಯವನು. ಇದು ಸಾಮಾನ್ಯ ಮಾಹಿತಿ, ನಿಮ್ಮ ಕಾಗದಪತ್ರ ನೋಡಿ ಕೊಟ್ಟ ಸಲಹೆ ಅಲ್ಲ.

ಹಾಲ್‌ನಲ್ಲಿ ಕ್ಯಾಮೆರಾ ಇಟ್ಟ ಮಾತ್ರಕ್ಕೆ ಓನರನ್ನು ಒಳಗೆ ಹಾಕಿಸುವ ಸೆಕ್ಷನ್ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು, ಮೊದಲು ಐಪಿಸಿ 354ಸಿ ಎನ್ನುತ್ತಿದ್ದದ್ದು, ಹೆಂಗಸರು ಖಾಸಗಿಯಾಗಿರುವ ಹೊತ್ತಿನಲ್ಲಿ ಅವರನ್ನು ನೋಡುವ, ಚಿತ್ರೀಕರಿಸುವ ಅಪರಾಧ. ಮೊದಲ ಸಲಕ್ಕೆ 1ರಿಂದ 3 ವರ್ಷ, ಮತ್ತೆ ಮಾಡಿದರೆ 3ರಿಂದ 7 ವರ್ಷ ಶಿಕ್ಷೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಗಂಡಸರಿಗೂ ಹೆಂಗಸರಿಗೂ ಅನ್ವಯ. ಅನುಮತಿ ಇಲ್ಲದೆ ದೇಹದ ಗುಪ್ತ ಭಾಗಗಳ ಚಿತ್ರ ತೆಗೆದರೆ, ಹಂಚಿದರೆ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ. ಬಚ್ಚಲು, ಮಲಗುವ ಕೋಣೆಯ ಪ್ರಕರಣಗಳಿಗೆ ಇವು ನೇರವಾಗಿ ಹೊಂದುತ್ತವೆ. ನಿಮ್ಮ ಹಾಲ್‌ಗೆ ಹತ್ತಿರ ಬರುವುದು ನಮ್ಮ ರಾಜ್ಯದ್ದೇ ಕಾನೂನು, 2011ರ ಕೇರಳ ಪೊಲೀಸ್ ಕಾಯ್ದೆಯ 119ನೇ ಕಲಮು. ಹೆಂಗಸರ ನ್ಯಾಯವಾದ ಖಾಸಗಿತನಕ್ಕೆ ಧಕ್ಕೆ ಬರುವಂತೆ ಯಾವುದೇ ಜಾಗದಲ್ಲಿ ಫೋಟೊ, ವಿಡಿಯೊ ತೆಗೆಯುವುದು ಅದರ ವ್ಯಾಪ್ತಿಗೆ ಬರುತ್ತದೆ, 3 ವರ್ಷದವರೆಗೆ ಶಿಕ್ಷೆ ಉಂಟು.

ಆದರೆ ನಿಮಗೆ ಬೇಕಾದದ್ದು ಓನರಿಗೆ ಜೈಲು ಅಲ್ಲ, ಕ್ಯಾಮೆರಾ ಹೊರಗೆ ಹೋಗುವುದು. ಅದಕ್ಕೆ ಕೈಯಲ್ಲಿರುವ ಬಲ ಬೇರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ್ದ ನ್ಯಾ. ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2023ರ ಜನವರಿಯಲ್ಲಿ ನಮ್ಮ ಕೇರಳ ಹೈಕೋರ್ಟ್, ಪಕ್ಕದ ಮನೆಯತ್ತ ಮುಖ ಮಾಡಿದ ಕ್ಯಾಮೆರಾದ ಪ್ರಕರಣದಲ್ಲಿ, ಭದ್ರತೆಯ ಹೆಸರಿನಲ್ಲಿ ನೆರೆಯವರ ಮನೆಯೊಳಗೆ ಇಣುಕಲು ಬಿಡಲಾಗದು ಎಂದಿತು, ಇದಕ್ಕೊಂದು ಮಾರ್ಗಸೂಚಿ ಬೇಕು ಎಂದೂ ಹೇಳಿತು. ನಿಮ್ಮ ಸಂಗತಿಗೆ ಇನ್ನೂ ಹತ್ತಿರದ್ದು ಕಲ್ಕತ್ತಾ ಹೈಕೋರ್ಟಿನ 2025ರ ಫೆಬ್ರವರಿಯ ತೀರ್ಪು. ಒಂದೇ ಮನೆಯಲ್ಲಿ ಇರುವವರ ನಡುವಿನ ವ್ಯಾಜ್ಯ ಅದು. ಜೊತೆಗೆ ವಾಸವಿರುವವರ ಒಪ್ಪಿಗೆ ಇಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ನಡೆಸುವಂತಿಲ್ಲ ಎಂದು ಕೋರ್ಟ್ ಹೇಳಿತು. ಅದರ ಮೇಲೆ ಹೋದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಮೇ ತಿಂಗಳಲ್ಲಿ ವಜಾ ಮಾಡಿತು. ಕಲ್ಕತ್ತಾದ ತೀರ್ಪಿಗೆ ಕೇರಳದ ಕೋರ್ಟ್ ಕಟ್ಟುಬೀಳಬೇಕಾಗಿಲ್ಲ, ಆದರೆ ನೋಟಿಸಿನಲ್ಲಿ ಅದನ್ನು ಬರೆದರೆ ಎದುರಿನ ವಕೀಲ ಕನ್ನಡಕ ಹಾಕಿಕೊಳ್ಳುತ್ತಾನೆ.

ಬಟ್ಟೆ ಮುಚ್ಚಬಹುದೇ? ನನ್ನ ಅಭಿಪ್ರಾಯದಲ್ಲಿ ಮುಚ್ಚಿ, ಆದರೆ ಮುಚ್ಚುವ ಮೊದಲು "ಒಳಗಿನ ಕ್ಯಾಮೆರಾಕ್ಕೆ ನಮ್ಮ ಒಪ್ಪಿಗೆ ಇಲ್ಲ, ನೀವು ತೆಗೆಸುವ ತನಕ ಮುಚ್ಚಿಡುತ್ತೇವೆ" ಎಂದು ವಾಟ್ಸಾಪ್ ಮಾಡಿಡಿ. ಒಡೆಯುವುದು, ವಯರ್ ಕತ್ತರಿಸುವುದು ಬೇಡ. ಅವರ ಸೊತ್ತಿಗೆ ನಷ್ಟ ಮಾಡಿದಿರಿ ಎಂದು ಕೇಸು ತಿರುಗಿ ನಿಮ್ಮ ಮೇಲೆ ಬರುತ್ತದೆ.

ಬೇಕಲದ ಹೋಂಸ್ಟೇ

ಪ್ರವಾಸಿಗಳಿಗೆ ಕೊಡುವ ಮನೆಗಳಲ್ಲಿ ಇದು ಯಾವಾಗಲೋ ಇತ್ಯರ್ಥ ಆಗಿದೆ. ಏರ್‌ಬಿಎನ್‌ಬಿಯವರು 2024ರ ಏಪ್ರಿಲ್ 30ರಿಂದ ಮನೆಯೊಳಗಿನ ಕ್ಯಾಮೆರಾ ಪೂರ್ತಿ ನಿಷೇಧಿಸಿದರು. ಹಾಲ್‌ನಲ್ಲಿಯೂ ಇಲ್ಲ, ಪ್ಯಾಸೇಜಿನಲ್ಲಿಯೂ ಇಲ್ಲ. ಹೊರಗೆ ಇದ್ದರೆ ಬುಕ್ ಮಾಡುವ ಮೊದಲೇ ಗಿರಾಕಿಗೆ ಹೇಳಬೇಕು. ಎರಡು ರಾತ್ರಿ ಇರುವವರಿಗೆ ಇಷ್ಟು ಮರ್ಯಾದೆ, ವರ್ಷಗಟ್ಟಲೆ ಬಾಡಿಗೆ ಕೊಡುವವರಿಗೆ ಇಲ್ಲ ಅಂದರೆ ಹೇಗೆ?

ಪೆರಿಯದ ಪಿಎಚ್‌ಡಿ

ನಾ ವಿಜಯಪುರದಾಂವ, ಪೆರಿಯದಾಗ ಸೆಂಟ್ರಲ್ ಯೂನಿವರ್ಸಿಟ್ಯಾಗ ಓದಾಕತ್ತೀನಿ. ಕ್ಯಾಂಪಸ್ ಹೊರಗ ಮೂರು ಮಂದಿ ಸೇರಿ ಮನಿ ಹಿಡದೀವಿ. ನಮ್ಮ ಓನರ್ ಬಾಳ ಚಲೋ ಮನಿಷ್ಯಾ, ಒಂದೂ ಕ್ಯಾಮೆರಾ ಹಾಕಿಲ್ಲ. ಹಾಕ್ಯಾಂವ ನಮ್ಮ ರೂಮ್‌ಮೇಟ್! ಲ್ಯಾಪ್‌ಟಾಪ್ ಕಳವಾದೀತು ಅಂತ ತನ್ನ ಟೇಬಲ್ ಮ್ಯಾಲೆ ವೈಫೈ ಕ್ಯಾಮೆರಾ ಇಟ್ಟಾನ. ಅದು ಸುಮ್ನ ಕೂಡೂದಿಲ್ರಿ, ನಾ ಎದ್ದು ಅಡ್ಡಾಡಿದ್ರ ಕುತ್ತಿಗಿ ಹೊಳ್ಳಿಸಿ ನನ್ನ ಬೆನ್ನ ಹತ್ತತೈತಿ. ನಾ ಉಪ್ಪಿಟ್ಟು ತಿನ್ನೂದು, ಅವ್ವನ ಜೋಡಿ ಫೋನ್‌ನ್ಯಾಗ ಮಾತಾಡೂದು ಎಲ್ಲಾ ಅವನ ಮೆಮೊರಿ ಕಾರ್ಡಿನ್ಯಾಗ. ಕೇಳಿದ್ರ "ನಾ ಎಲ್ಲಿ ನೋಡ್ತೀನೋ" ಅಂತಾನ. ನೋಡೂದಿಲ್ಲ ಅಂದ್ರ ರೆಕಾರ್ಡ್ ಯಾಕ ಮಾಡಬೇಕ್ರಿ?

ಕ್ಯಾಮೆರಾ ಮೇಸ್ತ್ರಿ

ಪೆರಿಯದವರೇ, ಆ ಜಾತಿಯ ಕ್ಯಾಮೆರಾದಲ್ಲಿ ಆಟೊ ಟ್ರ್ಯಾಕಿಂಗ್ ಅಂತ ಇರ್ತದೆ, ಆ್ಯಪ್‌ನಲ್ಲಿ ಆಫ್ ಮಾಡಿದರೆ ತಿರುಗುವುದು ನಿಲ್ತದೆ. ಕೆಲವದರಲ್ಲಿ ಪ್ರೈವೆಸಿ ಮೋಡ್ ಒತ್ತಿದರೆ ಲೆನ್ಸ್ ಒಳಗೆ ಮಡಚಿಕೊಳ್ತದೆ, ನಿಮಗೆ ಕಣ್ಣಾರೆ ಗೊತ್ತಾಗ್ತದೆ. ರೂಮಿನಲ್ಲಿ ಜನ ಇರುವಾಗ ಅದು ಹಾಗೆ ಇರಲಿ ಅಂತ ಮಾತಾಡಿಕೊಳ್ಳಿ. ಇನ್ನು, ಲ್ಯಾಪ್‌ಟಾಪಿಗೆ ಬೀಗದ ಕಪಾಟು ಕ್ಯಾಮೆರಾಕ್ಕಿಂತ ಅಗ್ಗ. ಕ್ಯಾಮೆರಾ ಕಳ್ಳನನ್ನು ತೋರಿಸ್ತದೆ, ತಡೆಯುವುದಿಲ್ಲ.

ಹೊಸೂರು ಶಿಫ್ಟ್

ನಾನು ಹೊಸೂರಲ್ಲಿ ಫ್ಯಾಕ್ಟರಿ ಕೆಲಸ, ಪಿಜಿಲಿ ಇರೋದು. ನಮ್ಮಲ್ಲಿ ಕ್ಯಾಮೆರಾ ಕಾರಿಡಾರ್‌ನಲ್ಲಿ ಮಾತ್ರ ಇದೆ, ಅದು ಸರೀನೇ. ಆದ್ರೆ ಮಾನಿಟರ್‌ನ ರಿಸೆಪ್ಷನ್‌ನಲ್ಲಿ ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ರು. ಊಟ ತಂದು ಕೊಡೋ ಹುಡುಗರು, ಗ್ಯಾಸ್‌ನವರು, ಯಾರ್ ಬೇಕಾದ್ರೂ ನಿಂತ್ಕೊಂಡು ನೋಡೋರು. ಯಾವ ರೂಮ್‌ನವರು ನೈಟ್ ಶಿಫ್ಟಿಗೆ ಹೋದ್ರು, ಯಾವ ರೂಮ್ ಖಾಲಿ ಇದೆ ಅಂತ ಕಳ್ಳನಿಗೆ ಲಿಸ್ಟ್ ಕೊಟ್ಟ ಹಾಗೇ ಅಲ್ವಾ? ಹೇಳಿ ಹೇಳಿ ಕೊನೆಗೆ ಆಫೀಸ್ ಒಳಗೆ ಹಾಕಿಸಿದ್ವಿ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಒಬ್ಬನ ಶೂ ಕಾಣೆಯಾಯ್ತು, ಮ್ಯಾನೇಜರ್ ಕಾರಿಡಾರ್ ವಿಡಿಯೊನ ಮೊಬೈಲ್‌ನಲ್ಲಿ ತೆಗೆದು "ಈ ಕಳ್ಳ ಗೊತ್ತಾ" ಅಂತ ಗ್ರೂಪಿಗೆ ಹಾಕ್ಬಿಟ್ಟ. ಆ ಹುಡುಗ ಪಾರ್ಸೆಲ್ ಕೊಡೋಕೆ ಬಂದವನು. ಗ್ರೂಪಿಂದ ಗ್ರೂಪಿಗೆ ಹೋಗಿ ಅವನ ಏರಿಯಾವರೆಗೂ ತಲುಪ್ತು. ಶೂ ಟೆರೇಸಲ್ಲಿ ಸಿಕ್ತು. ಗ್ರೂಪಲ್ಲಿ "ಸಾರಿ" ಅಂತ ಹಾಕಿದ್ದನ್ನ ಯಾರೂ ಫಾರ್ವರ್ಡ್ ಮಾಡ್ಲಿಲ್ಲ.

ನಿರ್ವಾಹಕರು

ಒಬ್ಬ ಸದಸ್ಯರು ತಮ್ಮ ಕ್ವಾರ್ಟರ್ಸ್‌ನ ಕ್ಯಾಮೆರಾ ದೃಶ್ಯದ ಸ್ಕ್ರೀನ್‌ಶಾಟ್ ಹಾಕಿದ್ದರು, ಅದರಲ್ಲಿ ಕೆಳಮನೆಯ ಮಕ್ಕಳ ಮುಖ ಕಾಣುತ್ತಿತ್ತು. ತೆಗೆದಿದ್ದೇವೆ. ಓನರ್‌ಗಳ ಹೆಸರು, ಫೋನ್ ನಂಬರ್ ಕೂಡ ಇಲ್ಲಿ ಬೇಡ.

ಹೆದ್ದಾರಿ ಸೈಟಿನವ

ಓದಿದವರು ಇಲ್ಲಿ ಬಂದು ಬರೀತೀರಿ, ಒಳ್ಳೆಯದು. ಬರೆಯಲಿಕ್ಕೆ ಆಗದವರದ್ದು ಒಂದು ಹೇಳ್ತೇನೆ. ನಾನು ಹೆದ್ದಾರಿ 66ರ ಅಗಲೀಕರಣದ ಸಬ್ ಕಾಂಟ್ರಾಕ್ಟರ್ ಹತ್ತಿರ ಲೆಕ್ಕ ಬರೆಯುವವ. ಬಂಗಾಳ, ಒಡಿಶಾ, ಜಾರ್ಖಂಡ್ ಕಡೆಯ ಕೆಲಸದವರಿಗೆ ಕ್ವಾರ್ಟರ್ಸ್ ಹಿಡಿದು ಕೊಡುವುದು ನನ್ನದೇ ತಲೆನೋವು. ಸರ್ಕಾರದ ಕಾಗದದಲ್ಲಿ ಅವರು "ಅತಿಥಿ ಕಾರ್ಮಿಕರು". ಒಬ್ಬ ಓನರ್ ಆ ಅತಿಥಿಗಳ ಬಚ್ಚಲಿನ ಸಾಲಿಗೆ ಮುಖ ಮಾಡಿ ಕ್ಯಾಮೆರಾ ಹಾಕಿದ. ತಗಡಿನ ಬಾಗಿಲು, ಕೆಳಗೆ ಮೊಣಕಾಲಿನವರೆಗೆ ಬಯಲು. ಅರ್ಧ ಜನ ಬಾಗಿಲಿನ ಹೊರಗೆ ಟಾಂಕಿಯ ಬುಡದಲ್ಲೇ ಟವೆಲ್ ಸುತ್ತಿಕೊಂಡು ಮೀಯುವುದು. ಯಾಕೆ ಹಾಕಿದ್ದು ಅಂತ ಕೇಳಿದರೆ "ನೀರು ತುಂಬಾ ಖರ್ಚು ಮಾಡ್ತಾರೆ, ಯಾರು ಅಂತ ನೋಡ್ಬೇಕು". ಗಂಡಸರಲ್ವಾ, ಎಂತ ಆಗ್ತದೆ ಅಂತ ಬೇರೆ.

ನೀರಿನ ಸಮಸ್ಯೆ ಸುಳ್ಳಲ್ಲ, ಟಾಂಕಿ ತುಂಬಿ ಹರಿಯುತ್ತಿತ್ತು. ಒಂದು ಫ್ಲೋಟ್ ವಾಲ್ವ್ ಹಾಕಿಸಿದೆವು, ಹರಿಯುವುದು ನಿಂತಿತು. ಕ್ಯಾಮೆರಾ ಗೇಟಿಗೆ ಹೋಯ್ತು. ಈಗ ಅಲ್ಲಿ ಬೋರ್ಡ್ ಉಂಟು, ಮಲಯಾಳದಲ್ಲಿ. ಆ ಜನಕ್ಕೆ ಮಲಯಾಳ ಓದಲಿಕ್ಕೆ ಬರ್ತದಾ? ಹಿಂದಿ, ಬಂಗಾಳಿ ಎರಡು ಸಾಲು, ಒಂದು ಕ್ಯಾಮೆರಾದ ಚಿತ್ರ ಹಾಕಿ ಅಂತ ಹೇಳಿದೆ. ಇನ್ನೂ ಆಗಿಲ್ಲ.

ಬೇಳದ ಟೀಚರ್

ಹೆದ್ದಾರಿ ಸೈಟಿನವರು ಬರೆದದ್ದು ಓದಿ ಬೇಸರವಾಯ್ತು. ನನ್ನದು ಸಣ್ಣ ಸಂಶಯ. ನಾನು ಶಾಲೆಗೆ ಹೋದಾಗ ಮಗುವನ್ನು ನೋಡಲಿಕ್ಕೆ ಒಬ್ಬಾಕೆ ಬರ್ತಾಳೆ, ಬಾಡಿಗೆ ಮನೆಯ ನಮ್ಮ ಹಾಲ್‌ನಲ್ಲಿ ಸಣ್ಣ ಕ್ಯಾಮೆರಾ ಇಟ್ಟಿದ್ದೇವೆ. ಅದು ತಪ್ಪಾ?

ಕಪ್ಪು ಕೋಟು

ನಿಮ್ಮ ಮನೆ, ನಿಮ್ಮ ಹಾಲ್, ತಪ್ಪಲ್ಲ. ಆದರೆ ಆಕೆಗೆ ಕ್ಯಾಮೆರಾ ತೋರಿಸಿ, ಹೇಳಿ. ಆಕೆ ಸೀರೆ ಬದಲಿಸುವ, ತನ್ನ ಮಗುವಿಗೆ ಹಾಲು ಕೊಡುವ ಜಾಗ ಅದರ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ.

ಇಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಇನ್ನೂ ಯಾರೂ ಎತ್ತಿಲ್ಲ. ವ್ಯಕ್ತಿ ತನ್ನ ಮನೆಬಳಕೆಗೆ ಮಾಡುವ ಕೆಲಸಕ್ಕೆ ಅದು ಅನ್ವಯವಾಗದು, ಅಂದರೆ ಟೀಚರ್ ಆರಾಮ. ಬಾಡಿಗೆ ವಸೂಲು ಮಾಡುವ ಕ್ವಾರ್ಟರ್ಸ್‌ನ ಕ್ಯಾಮೆರಾವನ್ನು ಮನೆಬಳಕೆ ಎಂದು ವಾದಿಸುವುದು ಸುಲಭವಲ್ಲ, ಪಿಜಿಗಳಂತೂ ವ್ಯಾಪಾರವೇ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಹೆಚ್ಚಿನ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಓನರ್‌ಗಳು ಈಗಲೇ ಬೋರ್ಡ್, ಪಾಸ್‌ವರ್ಡ್, ಎಷ್ಟು ದಿನ ಇಟ್ಟುಕೊಳ್ಳುವುದು ಎಂಬುದನ್ನು ಸರಿ ಮಾಡಿಕೊಳ್ಳುವುದು ಅವರಿಗೇ ಒಳ್ಳೆಯದು.

ಶಾರ್ಜಾ ಕುಂಬಳೆ

ಎಷ್ಟು ದಿನ ಇಟ್ಟುಕೊಳ್ಳಬಹುದು? ನನ್ನದರಲ್ಲಿ ಎಷ್ಟು ದಿನದ್ದು ಉಂಟು ಅಂತಲೇ ನನಗೆ ಗೊತ್ತಿಲ್ಲ.

ಕ್ಯಾಮೆರಾ ಮೇಸ್ತ್ರಿ

ಲೆಕ್ಕ ಸುಲಭ ಇಕ್ಕಾ. ಸಾಧಾರಣ ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ, ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಇಡೀ ದಿನ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕು ಕ್ಯಾಮೆರಾಕ್ಕೆ 86 ಜಿಬಿ ಹತ್ತಿರ. 1 ಟಿಬಿ ಹಾರ್ಡ್‌ಡಿಸ್ಕ್ ಆದರೆ ಹನ್ನೊಂದು ದಿನ ಚಿಲ್ಲರೆ, ಆಮೇಲೆ ಹಳೆಯದರ ಮೇಲೆ ಹೊಸದು ಬರೀತಾ ಹೋಗ್ತದೆ. ಕ್ವಾರ್ಟರ್ಸಿಗೆ ಅಷ್ಟು ಸಾಕು. ಏನಾದರೂ ಕಳವಾದರೆ ಆ ದಿನಗಳ ಒಳಗೆ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಬೇಕು. ಮತ್ತೆ ಡಿವಿಆರ್‌ನ ಗಡಿಯಾರ ಸರಿ ಉಂಟಾ ನೋಡಿ. ಸುಮಾರು ಮನೆಗಳಲ್ಲಿ ನೋಡಿದ್ದೇನೆ, ಬ್ಯಾಟರಿ ಸತ್ತು ಅದರಲ್ಲಿ ಇನ್ನೂ 2000ನೇ ಇಸವಿ ಜನವರಿ 1 ನಡೀತಾ ಇರ್ತದೆ. ಪೊಲೀಸರಿಗೆ ಕೊಟ್ಟರೆ ಅವರು ನಗಾಡ್ತಾರೆ.

ಪಾಸ್‌ವರ್ಡ್ ವಿಷಯಕ್ಕೆ ನಾನು ಗಿರಾಕಿಗಳ ಹತ್ತಿರ ಜಗಳವೇ ಮಾಡುವುದು. ಕಂಪನಿಯಿಂದ ಬಂದ ಅಡ್ಮಿನ್, 12345 ಹಾಗೇ ಬಿಡ್ತಾರೆ. 2016ರಲ್ಲಿ ಮಿರಾಯ್ ಅಂತ ಒಂದು ವೈರಸ್ ಹೀಗೆ ಬಿಟ್ಟ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳ ಒಳಗೆ ಹೊಕ್ಕು ದೊಡ್ಡ ದೊಡ್ಡ ವೆಬ್‌ಸೈಟುಗಳನ್ನೇ ಮಲಗಿಸಿತು. ಅದು ದೂರದ್ದು ಅಂತ ಬಿಡಿ. 2025ರ ಫೆಬ್ರವರಿಯಲ್ಲಿ ರಾಜಕೋಟದ ಒಂದು ಹೆರಿಗೆ ಆಸ್ಪತ್ರೆಯ ಒಳಗಿನ ಸಿಸಿಟಿವಿ ದೃಶ್ಯಗಳು ಟೆಲಿಗ್ರಾಮ್‌ನಲ್ಲಿ ಮಾರಾಟಕ್ಕೆ ಬಂದವು. ಹಾಗಾಗಿ ಓನರ್ ಎಷ್ಟು ಸಜ್ಜನ ಅಂತ ಮಾತ್ರ ನೋಡಿದರೆ ಸಾಲದು. ಹಾಲ್‌ನ ದೃಶ್ಯ ಅವರ ಮೊಬೈಲಿಗೆ ಹೋಗುವ ದಾರಿಯಲ್ಲಿ ಎಷ್ಟು ಬಾಗಿಲು ತೆರೆದಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. 2025ರ ಏಪ್ರಿಲ್‌ನಿಂದ ಹೊಸದಾಗಿ ಮಾರುವ ಕ್ಯಾಮೆರಾ ಭದ್ರತಾ ಪರೀಕ್ಷೆ ಪಾಸಾಗಿರಬೇಕು ಅಂತ ಕೇಂದ್ರದ ನಿಯಮ ಬಂದಿದೆ, ಒಳ್ಳೆಯದೇ. ಗೋಡೆಯ ಮೇಲೆ ಈಗಾಗಲೇ ಇರುವುದಕ್ಕೆ ಯಾರು ಪರೀಕ್ಷೆ ಮಾಡ್ತಾರೆ?

ಇನ್ನೊಂದು, ಫಿಟ್ ಮಾಡಿದ ಹುಡುಗನ ಮೊಬೈಲ್. ಆ್ಯಪ್ ಸರಿ ಬರ್ತದಾ ಅಂತ ನೋಡಲಿಕ್ಕೆ ಅವನು ಮೊದಲು ತನ್ನ ಫೋನಿನಲ್ಲಿಯೇ ಹಾಕಿ ನೋಡುವುದು. ಕೆಲಸ ಮುಗಿದ ಮೇಲೆ ತೆಗೆದನಾ? ನಮ್ಮ ಲೈನಿನವರೇ ಬೈದರೂ ತೊಂದರೆ ಇಲ್ಲ, ಹೇಳಿಬಿಡ್ತೇನೆ: ಹೆಚ್ಚಿನವರು ತೆಗೆಯುವುದಿಲ್ಲ. ಪಾಸ್‌ವರ್ಡ್ ಬದಲಿಸಿ, ಡಿವೈಸ್ ಶೇರಿಂಗ್ ಲಿಸ್ಟ್ ತೆರೆದು ಬೇಡದವರನ್ನು ತೆಗೆಯಿರಿ. ಡಿವಿಆರ್‌ನಲ್ಲಿ ಲಾಗ್ ಅಂತ ಉಂಟು, ಯಾವ ಹೊತ್ತಿಗೆ ಯಾರು ಲಾಗಿನ್ ಆದರು ಅಂತ ಸಾಲು ಸಾಲಾಗಿ ಕಾಣ್ತದೆ.

ವಿದ್ಯಾನಗರದ ಬಾಡಿಗೆಯವಳು

ಇಷ್ಟೆಲ್ಲ ಓದಿ ಮೊದಲಿಗಿಂತ ಜಾಸ್ತಿ ಹೆದರಿಕೆ ಆಯ್ತು! ಆದರೂ ಧೈರ್ಯವೂ ಬಂತು. ಈಗ ಹಾಲ್‌ನಲ್ಲಿ ಲೈಟ್ ಆರಿಸಿದ ಮೇಲೆ ಅದರ ಸುತ್ತ ಮಂಕು ಕೆಂಪು ಚುಕ್ಕೆಗಳು ಕಾಣ್ತವೆ. ಅದು ಎಂತದು?

ನಾವು ನಾಲ್ವರೂ ಸೇರಿ ಓನರಿಗೆ ಕಳಿಸಲಿಕ್ಕೆ ಒಂದು ಬರೆದಿದ್ದೇವೆ, ನೋಡಿ:

"ಸರ್, ಹಾಲ್‌ನಲ್ಲಿ ಅಳವಡಿಸಿದ ಕ್ಯಾಮೆರಾ ನಮ್ಮ ಖಾಸಗಿತನದ ಉಲ್ಲಂಘನೆಯಾಗಿದ್ದು, ಕೇರಳ ಪೊಲೀಸ್ ಕಾಯ್ದೆ 119, ಐಟಿ ಕಾಯ್ದೆ 66ಇ ಪ್ರಕಾರ ಶಿಕ್ಷಾರ್ಹ ಅಪರಾಧವಾಗುತ್ತದೆ. ಮೂರು ದಿನದೊಳಗೆ ತೆಗೆಸದಿದ್ದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು."

ಕ್ಯಾಮೆರಾ ಮೇಸ್ತ್ರಿ

ಆ ಚುಕ್ಕೆಗಳು ಇನ್‌ಫ್ರಾರೆಡ್ ಲೈಟ್, ಕತ್ತಲೆಯಲ್ಲಿಯೂ ಕಾಣುವುದು ಅದರಿಂದ. ಲೈಟ್ ಆರಿಸಿದರೆ ಕ್ಯಾಮೆರಾ ಕುರುಡು ಅಂತ ತಿಳ್ಕೊಳ್ಳಬೇಡಿ.

ಶಾರ್ಜಾ ಕುಂಬಳೆ

ತಂಗೀ, ಈ ಮೆಸೇಜ್ ನನಗೆ ಬಂದರೆ ನಾನು ಮೊದಲು ಅಡ್ವಾನ್ಸ್ ವಾಪಸ್ ಕೊಟ್ಟು ಮನೆ ಬಿಡಿ ಅಂತ ಹೇಳ್ತೇನೆ, ಕ್ಯಾಮೆರಾ ವಿಷಯ ಆಮೇಲೆ. ಅವರು ಮೋಳೇ ಅಂತ ಕರೆದ ಮನುಷ್ಯ. ಸಿಲಿಂಡರ್ ಹೋದದ್ದರಿಂದ ಸುರು ಮಾಡಿ. ಗೇಟಿನ ಕ್ಯಾಮೆರಾದಿಂದ ನಮಗೂ ನೆಮ್ಮದಿ ಅಂತ ಹೇಳಿ. ಒಳಗೆ ನಮಗೆ ನಡೆದಾಡ್ಲಿಕ್ಕೆ ಕಷ್ಟ ಆಗ್ತದೆ, ಬಟ್ಟೆ ಒಣಗಿಸ್ಲಿಕ್ಕೆ ನಾಚಿಕೆ ಆಗ್ತದೆ ಅಂತ ಬರೆಯಿರಿ. ಅವರಿಗೂ ಹೆಣ್ಣುಮಕ್ಕಳು ಇದ್ದಾರಾ? ಇದ್ದರೆ ಅಷ್ಟರಲ್ಲೇ ಅರ್ಥ ಆಗ್ತದೆ. ಮತ್ತೆ ಟೈಪ್ ಮಾಡಬೇಡಿ, ಫೋನ್ ಮಾಡಿ. ಶುಕ್ರವಾರ ನನ್ನ ಹಾಗೆ ಅವರಿಗೂ ಅರ್ಧ ದಿನ ಇರಬಹುದು, ಊಟ ಆದ ಮೇಲೆ ಮಾಡಿ.

ಕಪ್ಪು ಕೋಟು

ಫೋನ್ ಮಾಡುವುದಕ್ಕೆ ನನ್ನ ಸಮ್ಮತಿ ಇದೆ. ಸೆಕ್ಷನ್‌ಗಳನ್ನು ಮೊದಲ ಮಾತಿಗೇ ಖರ್ಚು ಮಾಡುವುದು ಬೇಡ, ಅದರಲ್ಲೂ 66ಇ ನಿಮ್ಮ ಹಾಲ್‌ಗೆ ಹೊಂದುವುದೇ ಸಂಶಯ. ಆದರೆ ಫೋನಿನಲ್ಲಿ ಮಾತಾಡಿದ್ದನ್ನು ಆಮೇಲೆ ನಾಲ್ಕು ಸಾಲಿನ ಮೆಸೇಜಿನಲ್ಲಿ ಬರೆದು ಕಳಿಸಿ: "ನೀವು ಹೇಳಿದ ಹಾಗೆ ಇಂತಿಂಥದ್ದು ಮಾಡುವುದು." ಇದುವರೆಗೆ ಒಳಗಿನ ಕ್ಯಾಮೆರಾದಲ್ಲಿ ರೆಕಾರ್ಡ್ ಆದದ್ದನ್ನು ಅಳಿಸುವುದನ್ನೂ ಕೇಳಿ, ಅದನ್ನು ಎಲ್ಲರೂ ಮರೆಯುತ್ತಾರೆ. ಅವರ ವಾಯ್ಸ್ ಮೆಸೇಜನ್ನು ನೀವು ಅಳಿಸಬೇಡಿ.

ಒಪ್ಪದಿದ್ದರೆ ಆಗ ನೋಡೋಣ. ದೂರು ಕನ್ನಡದಲ್ಲಿಯೇ ಬರೆಯಬಹುದು. ರಾಜ್ಯದ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರದ ಜತೆ ಪತ್ರವ್ಯವಹಾರ ಮಾಡುವ ಹಕ್ಕನ್ನು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ವಕೀಲರ ಖರ್ಚಿನ ಚಿಂತೆ ಬೇಡ, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಬಹುದು.

ಮುಳ್ಳೇರಿಯ ಮಾವ

ಶಾರ್ಜಾದವರು ಹೇಳಿದ್ದು ಸರಿ. ನಮ್ಮಲ್ಲಿ ಮನೆ ಬಾಡಿಗೆ ಅಂದರೆ ಅರ್ಧ ನೆಂಟಸ್ತಿಕೆ. ಅದರ ಸುಖವೂ ಉಂಟು, ಉಪದ್ರವೂ ಉಂಟು. ಪೇಟೆಯ ಓನರ್ ಆಗಿದ್ದರೆ ತಮ್ಮ ಬಂದನಾ ಅಣ್ಣ ಬಂದನಾ ಅಂತ ಕೇಳುತ್ತಲೇ ಇರಲಿಲ್ಲ.

ಹೊಸೂರು ಶಿಫ್ಟ್

ಕೇಳಲ್ಲ ಮಾವ, ಸುಮ್ನೆ ನೋಡ್ತಾರೆ. ಅದೇ ಇನ್ನೂ ಕಷ್ಟ.

ವಿದ್ಯಾನಗರದ ಬಾಡಿಗೆಯವಳು

ಶುಕ್ರವಾರ ಫೋನ್ ಮಾಡಿದೆ. ಮೊದಲು ಅವರಿಗೆ ಬೇಸರ ಆಯ್ತು. "ನಾನು ಕೆಟ್ಟ ಕಣ್ಣಲ್ಲಿ ನೋಡಿದ್ದಲ್ಲ ಮೋಳೇ" ಅಂತ ಎರಡು ಸಲ ಹೇಳಿದರು. ಅದು ನಮಗೂ ಗೊತ್ತು, ಆದರೂ ಹಾಲ್‌ನಲ್ಲಿ ಇರಲಿಕ್ಕೆ ಆಗುವುದಿಲ್ಲ ಅಂತ ಹೇಳಿದೆ. ಬಟ್ಟೆಯ ವಿಷಯ ನಾನು ಹೇಳಲಿಲ್ಲ, ಪಕ್ಕದ ರೂಮಿನ ಅಕ್ಕ ಫೋನ್ ತೆಗೆದುಕೊಂಡು ಹೇಳಿದರು. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

ಕೊನೆಗೆ ಆದದ್ದು ಹೀಗೆ. ಒಳಗಿನದ್ದನ್ನು ತೆಗೆದು ನಮ್ಮ ಬಾಗಿಲಿನ ಹೊರಗೆ, ಮೆಟ್ಟಿಲು ಮುಗಿಯುವಲ್ಲಿ ಹಾಕುವುದು, ಬಾಗಿಲು ತೆರೆದಾಗ ಒಳಗೆ ಕಾಣುವ ಭಾಗಕ್ಕೆ ಮಾಸ್ಕ್ ಹಾಕುವುದು. ಆಡಿಯೊ ನಾಲ್ಕರಲ್ಲೂ ಆಫ್. ಹಳೆಯ ರೆಕಾರ್ಡಿಂಗ್ ಅಳಿಸುವುದು. ಗೇಟಿನ ಹತ್ತಿರ ಕನ್ನಡ, ಮಲಯಾಳ ಎರಡರಲ್ಲೂ ಬೋರ್ಡ್. ಆ್ಯಪ್ ಮಾತ್ರ ಅವರ ಹತ್ತಿರವೇ ಇರ್ತದೆ, ನಮಗೂ ಗೇಟಿನ ಕ್ಯಾಮೆರಾ ನೋಡಲಿಕ್ಕೆ ಲಾಗಿನ್ ಕೇಳಿದೆವು, ಅದಕ್ಕೆ "ನೋಡುವ" ಅಂದಿದ್ದಾರೆ. ಕೆಳಗಿನ ಮನೆಯವರು ಅದನ್ನೇ ಹಿಡಿದುಕೊಂಡಿದ್ದಾರೆ, ಸಿಲಿಂಡರ್ ಹೋದದ್ದು ನಮ್ಮದು, ನಮಗೇ ನೋಡಲಿಕ್ಕೆ ಆಗದ ಕ್ಯಾಮೆರಾ ಯಾರಿಗೆ ಅಂತ. ಅವರು ಹೇಳುವುದು ನ್ಯಾಯವೇ. ಡಿವಿಆರ್ ಇರುವುದು ಮೆಟ್ಟಿಲಿನ ಕೆಳಗಿನ ಸಣ್ಣ ರೂಮಿನಲ್ಲಿ, ಕೀಲಿ ಓನರ್‌ನ ಭಾವನ ಹತ್ತಿರ.

ಹಾಕಿದ ಹುಡುಗ ಫೋನ್ ತೆಗೆಯುತ್ತಿಲ್ಲ. ಮೇಸ್ತ್ರಿಯವರೇ, ನೀವು ಬರ್ತೀರಾ? ಕೂಲಿ ಓನರ್ ಕೊಡ್ತಾರಂತೆ.

ಕ್ಯಾಮೆರಾ ಮೇಸ್ತ್ರಿ

ಬರ್ತೇನೆ ಅಕ್ಕ. ಮಳೆ ಬಿಟ್ಟ ದಿನ ಆಗಬೇಕು, ಹೊರಗಿನ ಗೋಡೆಗೆ ಡ್ರಿಲ್ ಹಾಕಲಿಕ್ಕೆ ಉಂಟಲ್ಲ. ಕೇಬಲ್ ಸ್ವಲ್ಪ ಹೆಚ್ಚು ಬೇಕಾಗ್ತದೆ, ಅದನ್ನು ತರ್ತೇನೆ. ಓನರ್ ಆ ಹೊತ್ತಿಗೆ ವಿಡಿಯೊ ಕಾಲ್‌ನಲ್ಲಿ ಇದ್ದರೆ ಪಾಸ್‌ವರ್ಡ್ ಅವರೇ ಹಾಕಲಿ, ನನಗೆ ಹೇಳುವುದು ಬೇಡ. ಕೆಳಗಿನವರಿಗೆ ಗೇಟು ಮಾತ್ರ ಕಾಣುವ ಬೇರೆ ಯೂಸರ್ ಮಾಡಲಿಕ್ಕೆ ಐದು ನಿಮಿಷ ಸಾಕು, ಅವರ ಎದುರೇ ಕೇಳಿ ನೋಡುವ. ಭಾವನಿಗೆ ಹೇಳಿ ಕೀಲಿ ತರಿಸಿಡಿ. ಫ್ರಿಜ್ಜಿನ ಮೇಲಿನ ತೂತು ಮುಚ್ಚಲಿಕ್ಕೆ ಸ್ವಲ್ಪ ವೈಟ್ ಸಿಮೆಂಟ್ ಬೇಕು, ನನ್ನ ಹತ್ತಿರ ಮುಗಿದಿದೆ.